ಗುಂಡಿ ಬಿಚ್ಚದ ಗವಿಸಿದ್ದಪ್ಪ ಸರ್

ಕೊಪ್ಪಳದ ಬೇಸಿಗೆಯಲ್ಲಿ ಕೊರಳ ಗುಂಡಿ ಹಾಕಿಕೊಂಡು ತಿರುಗುವ ಮನುಷ್ಯನನ್ನು ನಾನು ನೋಡಿದ್ದು ಒಬ್ಬರನ್ನೇ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಲ್ಲುಗುಡ್ಡಗಳ ಕಾವಿಗೆ ನಾಯಿಗಳು ಚರಂಡಿಯೊಳಗೆ ಮಲಗಿರುವಾಗ, ಗವಿಸಿದ್ದಪ್ಪ ಸರ್ ಬೂದು ಬಣ್ಣದ ಸಫಾರಿ ತೊಟ್ಟು ಜೀಪಿನಿಂದ ಇಳಿಯುತ್ತಿದ್ದರು. ಸಫಾರಿ ಅಂಗಿಗೆ ಕೊರಳ ಹತ್ತಿರ ಗುಂಡಿ ಇರುವುದಿಲ್ಲ. ಇವರು ದರ್ಜಿಗೆ ಹೇಳಿ ಹಾಕಿಸಿಕೊಂಡಿದ್ದರು. ಬೆವರು ಕಿವಿಯ ಹಿಂದಿನಿಂದ ಇಳಿದು ಆ ಗುಂಡಿಯವರೆಗೆ ಬಂದು ಒಳಗೆ ಮಾಯವಾಗುತ್ತಿತ್ತು. ಗಾಳಿ ಹಾಕಿಕೊಳ್ಳಲೆಂದು ಯಾರಾದರೂ ರಟ್ಟು ಕೊಟ್ಟರೆ ಅದರಿಂದ ನೊಣ ಓಡಿಸಿ ವಾಪಸು ಕೊಡುತ್ತಿದ್ದರು. ಸ್ನಾನ ಮಾಡುವಾಗಲಾದರೂ ಬಿಚ್ಚುತ್ತಾರೋ ಇಲ್ಲವೋ ಎಂಬುದು ನಮ್ಮ ಜೀಪಿನಲ್ಲಿ ಆಗಾಗ ಚರ್ಚೆಗೆ ಬರುತ್ತಿದ್ದ ವಿಷಯ.

ಅವರು ಆರೋಗ್ಯ ಶಿಕ್ಷಣಾಧಿಕಾರಿ. ನಾನು ಅವರ ತರಬೇತಿ ತಂಡದ ಶುಶ್ರೂಷಕಿ. ನಮ್ಮ ಕೆಲಸ ಹೇಳಲು ಸುಲಭ. ಎಲ್ಲೋ ದೊಡ್ಡವರು ಬಹಳ ವರ್ಷ ಅಭ್ಯಾಸ ಮಾಡಿ, ತೂಕ ಕಡಿಮೆ ಇರುವ ಕೂಸನ್ನು ತಾಯಿಯ ಬರಿ ಎದೆಗೆ ಕಟ್ಟಿಕೊಂಡು ಎದೆಹಾಲು ಕುಡಿಸುತ್ತಿದ್ದರೆ ಅದು ಉಳಿಯುವ ಸಂಭವ ಹೆಚ್ಚು ಎಂದು ಕಂಡುಕೊಂಡಿದ್ದರು. ಆ ಮಾತು ಕಾಗದದಿಂದ ಇಳಿದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ದಾಟಿ, ಹಳ್ಳಿಯ ಮನೆಯ ಬಾಣಂತಿ ಕೋಣೆಯವರೆಗೆ ನಡೆದು ಹೋಗಬೇಕಿತ್ತು. ಅದನ್ನು ಕೈ ಹಿಡಿದು ನಡೆಸಬೇಕಾದವರು ನಾವು. ಆ ಕೋಣೆಯ ಬಾಗಿಲಲ್ಲಿ ಅತ್ತೆ ಕೂತಿರುತ್ತಾಳೆ ಎಂಬುದನ್ನು ಸಂಶೋಧನೆ ಮಾಡಿದವರು ಬರೆದಿರಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಒಂದು ಚಿತ್ರಪಟದಿಂದ. ಈ ಪದ್ಧತಿಗೆ ಕಾಂಗರೂ ಆರೈಕೆ ಎಂದು ಹೆಸರು. ಮೇಲಿನಿಂದ ಬಂದ ಬಣ್ಣದ ಪಟದಲ್ಲಿ ಹೊಟ್ಟೆಯ ಚೀಲದಲ್ಲಿ ಮರಿ ಇಟ್ಟುಕೊಂಡ ಪ್ರಾಣಿ ನಗುತ್ತ ನಿಂತಿತ್ತು. ಯಲಬುರ್ಗಾ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಸೊಸೆಯನ್ನು ಕರೆತಂದಿದ್ದ ಹೆಂಗಸೊಬ್ಬಳು ಅದರ ಮುಂದೆ ನಿಂತು ಕೇಳಿದಳು:

"ಸಾಹೇಬರ, ಹಡಿಯೂ ಕೋಣಿ ಮುಂದ ಇಲಿ ಚಿತ್ರ ಯಾಕ ಹಚ್ಚೀರಿ?"

"ಇಲಿ ಅಲ್ಲಬೇ ಯವ್ವಾ. ಅದು ಕಾಂಗರೂ. ಪರದೇಶದ ಪ್ರಾಣಿ. ಹೊಟ್ಟಿ ಚೀಲದಾಗ ಮರಿ ಇಟ್ಕೊಂಡು ಬೆಳಸತೈತಿ."

"ಹೊಟ್ಟಿಗೆ ಚೀಲ ಇರೂದನ್ನ ಬಸರಿ ಹೆಣ್ಮಕ್ಕಳಿಗೆ ತೋರಸ್ತಾರೇನ್ರಿ? ನಾಳೆ ಹುಟ್ಟೂ ಕೂಸಿಗೂ ಚೀಲ ಬಂದ್ರ ಯಾರ ಜವಾಬ್ದಾರಿ?"

ಮುಂದಿನ ಸಲ ನಾವು ಹೋದಾಗ ಆ ಪಟದ ಮುಖ ಗೋಡೆಯ ಕಡೆಗಿತ್ತು. ಇನ್ನೊಂದು ಕೇಂದ್ರದಲ್ಲಿ ಅದರ ಮೇಲೆ ಗೊಬ್ಬರದ ಅಂಗಡಿಯ ಕ್ಯಾಲೆಂಡರು ತೂಗುತ್ತಿತ್ತು. ಅವತ್ತೇ ಸರ್ ಕುಷ್ಟಗಿಯಲ್ಲಿ ಕತ್ತರಿ ತರಿಸಿ ಎಲ್ಲ ಪಟಗಳಿಂದಲೂ ಪ್ರಾಣಿಯನ್ನು ಕತ್ತರಿಸಿ ತೆಗೆದು, ತಾಯಿ ಕೂಸು ಇದ್ದ ಭಾಗವನ್ನು ಮಾತ್ರ ಅಂಟಿಸಿದರು. ಕೆಳಗೆ ತಮ್ಮ ಕೈಯಿಂದಲೇ 'ಎದಿ ತೊಟ್ಲ' ಎಂದು ಬರೆದರು. ಆ ಹೆಸರು ಎಲ್ಲಿಂದ ಬಂತೋ, ಅವರಿಗೂ ಗೊತ್ತಿರಲಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಯಾವ ಅತ್ತೆಯೂ ಇಲಿಯ ವಿಷಯ ಎತ್ತಲಿಲ್ಲ. ತಪಾಸಣೆಗೆ ಬಂದ ಮೇಲಧಿಕಾರಿ ಮಾತ್ರ, "ಇದರೊಳಗಿನ ಪ್ರಾಣಿ ಎಲ್ಲಿ ಹೋಯಿತು?" ಎಂದು ಗದರಿದರು.

"ಅದಕ್ಕ ನಮ್ಮ ಬಿಸಲು ತಡೀಲಿಲ್ರಿ ಸರ್. ತಿರುಗಿ ಊರಿಗೆ ಹೋಗೈತಿ" ಎಂದರು ಗವಿಸಿದ್ದಪ್ಪ ಸರ್, ಕೊರಳ ಗುಂಡಿ ಮುಟ್ಟಿಕೊಳ್ಳುತ್ತ.

ಅವರಿಗೆ ಪುರಾವೆಯ ಹುಚ್ಚು. ಉಳಿದವರು ದೇವರ ಹೆಸರು ಹೇಳುವಂತೆ ಅವರು ಸಂಶೋಧನೆ ಎಂಬ ಶಬ್ದವನ್ನು ಹೇಳುತ್ತಿದ್ದರು. ಯಾರು ಏನು ಹೇಳಿದರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಪುರಾವೆ ಏನೈತ್ರಿ?" ನಾಳೆ ಮಳೆ ಬರುತ್ತದೆ ಎಂದರೂ ಅದೇ, ಜೀಪಿನ ಬ್ರೇಕು ಸಡಿಲಾಗಿದೆ ಎಂದು ಡ್ರೈವರ್ ಹೇಳಿದರೂ ಅದೇ. ಕುಷ್ಟಗಿಯ ಬಸ್ ನಿಲ್ದಾಣದ ಎದುರಿನ ಮಿರ್ಚಿ ಅಂಗಡಿಯವನು ಒಮ್ಮೆ "ಬಿಸಿ ಬಿಸಿ ಅದಾವ, ಬರ್ರಿ ಸರ್" ಎಂದ.

"ಬಿಸಿ ಅದಾವ ಅನ್ನೂದಕ್ಕ ಪುರಾವೆ ಏನೈತಿ?"

"ತಿಂದು ನೋಡ್ರಿ ಮತ್ತ."

"ನಾ ಒಬ್ಬ ತಿಂದು ಹೇಳಿದ್ರ ಅದು ಪುರಾವೆ ಅಲ್ಲಪಾ. ಒಂದು ಕೇಸು ಪುರಾವೆ ಅಲ್ಲ. ಸಿಸ್ಟರೂ ತಿನ್ನಬೇಕು, ಡ್ರೈವರೂ ತಿನ್ನಬೇಕು. ಕೊಡು ಒಂದೊಂದು ಪ್ಲೇಟು."

ಹೀಗೆ ವಿಜ್ಞಾನದ ಹೆಸರಿನಲ್ಲಿ ನಾವು ತಿಂದ ಮಿರ್ಚಿಗೆ ಲೆಕ್ಕವಿಲ್ಲ. ಅದರ ಮೇಲೆ ಅವರು ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಸಿಕೊಳ್ಳುತ್ತಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ರಕ್ತದೊತ್ತಡವೂ ಇತ್ತು. ಬೆಳಿಗ್ಗೆ ತಾನೇ ಒಂದು ಊರಿನ ಜನರನ್ನು ಕೂಡಿಸಿ, ಗುಳಿಗೆ ಬಿಟ್ಟರೆ ಲಕ್ವ ಹೊಡೆಯುತ್ತದೆ ಎಂದು ಹೆದರಿಸಿ ಬಂದಿರುತ್ತಿದ್ದರು. "ನಿಮ್ಮ ಗುಳಿಗೆ ತಗೊಂಡ್ರೇನು ಸರ್?" ಎಂದರೆ ಉತ್ತರ ಸಿದ್ಧ: "ನಾ ಆ ಸಂಶೋಧನ್ಯಾಗ ಇರಲಿಲ್ರಿ ಸಿಸ್ಟರ." ನನಗೆ ಸಿಟ್ಟು ಬರುತ್ತಿತ್ತು. ಲೋಟ ಕಸಿದುಕೊಂಡದ್ದೂ ಉಂಟು. ಅವರು ಸದ್ದಿಲ್ಲದೆ ಇನ್ನೊಂದು ತರಿಸುತ್ತಿದ್ದರು.

ತರಬೇತಿಯಲ್ಲಿ ಅವರನ್ನು ನೋಡಬೇಕು. ರಬ್ಬರಿನ ಗೊಂಬೆಯೊಂದನ್ನು ಹೆಂಡತಿಯ ಹಳೆ ಸೀರೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಸಭೆಯ ತುಂಬ ಓಡಾಡುವರು. ಗಟ್ಟಿ ಧ್ವನಿ, ಕೈ ಬೀಸಿ ಮಾತು. ತಮ್ಮ ಮಾತನ್ನು ತಾವೇ ಮೆಚ್ಚಿಕೊಂಡು ನಡುವೆ ಸ್ವಲ್ಪ ನಿಲ್ಲುವರು, ಚಪ್ಪಾಳೆ ಬಂದೀತೋ ಎಂದು. ಒಮ್ಮೆ ಹಿಂದಿನ ಸಾಲಿನಿಂದ ಆಶಾ ಕಾರ್ಯಕರ್ತೆಯೊಬ್ಬಳು ಎದ್ದು ನಿಂತಳು.

"ಚರ್ಮಕ್ಕ ಚರ್ಮ ಹತ್ತಬೇಕು ಅಂತ ನೀವ ಹೇಳ್ತೀರಿ ಸರ್. ಮತ್ತ ನಿಮ್ಮ ಕೂಸು ಅಂಗಿ ಮ್ಯಾಲ ಐತಲ್ರಿ?"

ಸಭೆಯೆಲ್ಲ ನಕ್ಕಿತು. ಸರ್ ನಗಲಿಲ್ಲ. "ಗೊಂಬಿಗೆ ಥಂಡಿ ಹತ್ತೂದಿಲ್ಲವಾ ತಂಗಿ. ಅದಕ್ಕ ಅಂಗಿ ಸಾಕು. ನೀವು ಜೀವ ಇದ್ದದ್ದನ್ನ ನೋಡ್ಕೊಳ್ರಿ" ಎಂದು ಮಾತು ಮುಗಿಸಿದರು.

ಗಂಗಾವತಿಯಲ್ಲಿ ಮೌಲಾಸಾಬನ ಪ್ರಸಂಗ ನಡೆದದ್ದೂ ಆ ದಿನಗಳಲ್ಲೇ. ಅವನು ಅಕ್ಕಿ ಗಿರಣಿಯ ಹಮಾಲ. ಹೆಂಡತಿ ಆಪರೇಷನ್ ಆಗಿ ಮಂಪರಿನಲ್ಲಿದ್ದಳು, ಕೂಸು ಹಸ್ತದಷ್ಟಿತ್ತು. ತಾಯಿಗೆ ಆಗದಿದ್ದರೆ ತಂದೆಯ ಎದೆಯಾದರೂ ಆದೀತು ಎಂಬುದು ನಮ್ಮ ಪಾಠದ ಒಂದು ಭಾಗ. ಪಾಠದಲ್ಲಿ ಸುಲಭವಾಗಿ ಓದಿಸಿಕೊಂಡು ಹೋಗುತ್ತಿದ್ದ ಭಾಗ. ಮೈಗೆ ಹತ್ತಿದ ತೌಡು ತೊಳೆದುಕೊಂಡು ಬಾ ಎಂದು ಸರ್ ಅವನನ್ನು ನಲ್ಲಿಗೆ ಅಟ್ಟಿ, ವಾಪಸು ಬಂದವನನ್ನು ಕುರ್ಚಿಗೆ ಒರಗಿಸಿ ಕೂಡಿಸಿ, ಎದೆಯ ಮೇಲೆ ಕೂಸನ್ನು ಇಡಿಸಿದರು. ಅವನು ಉಸಿರು ಬಿಗಿಹಿಡಿದು ಕೂತ.

"ಸಾಹೇಬ್, ಚೀಲ ಹೊತ್ತು ಲಾರಿ ಹಲಗಿ ಹತ್ತೀನಿ, ಇಷ್ಟು ಅಂಜಿಕಿ ಆಗಿದ್ದಿಲ್ಲ. ಇದಕ್ಕ ತೂಕನ ಇಲ್ಲ. ಜಾರಿದ್ರ ಗೊತ್ತೂ ಆಗೂದಿಲ್ಲ."

"ಚೀಲ ಉಸರಾಡಂಗಿಲ್ಲ, ಇದು ಉಸರಾಡತೈತಿ. ಅಷ್ಟ ಫರಕು. ನೀನೂ ಸ್ವಲ್ಪ ಉಸರಾಡೋ ಮಾರಾಯಾ."

ಗಂಡಸರ ಎದೆಯೂ ಹೇಗೆ ಬೆಚ್ಚಗಿರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಅಲ್ಲಿದ್ದ ತಂದೆಯರಿಗೆಲ್ಲ ಅವತ್ತು ದೊಡ್ಡ ಭಾಷಣವೇ ಆಯಿತು. ಭಾಷಣ ಮಾಡುತ್ತಿದ್ದವರ ಕೊರಳ ಗುಂಡಿ ಎಂದಿನಂತೆ ಬಿಗಿಯಾಗಿತ್ತು. ಹೊರಗೆ ಬಂದ ಮೇಲೆ ನಾನು ತಡೆಯಲಾರದೆ, "ಎಲ್ಲಾರ ಅಂಗಿ ಬಿಚ್ಚಸ್ತೀರಿ ಸರ್. ನಿಮ್ಮ ಎದಿಗೆ ಏನಾಗೇತಿ?" ಎಂದೆ. ಸರ್ "ಹೊತ್ತಾತು, ನಡೀರಿ" ಎಂದು ಜೀಪು ಹತ್ತಿದರು.

ಆ ವರ್ಷವೇ ಅವರ ಮಗಳು ಸುಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿ ಹೆಣ್ಣು ಕೂಸು ಹುಟ್ಟಿತು, ಬಹಳ ಸಣ್ಣದು. ಕೆಲವು ದಿನ ಇಟ್ಟುಕೊಂಡು, ಮನೆಯಲ್ಲೂ ಎದೆಯ ಮೇಲೇ ಇಟ್ಟುಕೊಳ್ಳಿ ಎಂದು ಹೇಳಿ ಆಸ್ಪತ್ರೆಯವರು ಕುಷ್ಟಗಿಯ ಮನೆಗೆ ಕಳಿಸಿದರು. ಇಂಥ ಮನೆಗೆ ಹೇಳಿಕೊಡುವುದೇನಿದೆ ಎಂದು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು. ಒಂದು ಮಧ್ಯಾಹ್ನ, ನಾನು ಕುಷ್ಟಗಿಯಲ್ಲೇ ಕೆಲಸದ ಮೇಲಿದ್ದಾಗ, ಸರ್ ಫೋನು ಬಂತು. ಧ್ವನಿ ಅವರದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು, ಅಷ್ಟು ಸಣ್ಣಗಿತ್ತು.

"ಸಿಸ್ಟರ, ಸ್ವಲ್ಪ ಮನಿ ತನಕ ಬಂದು ಹೋಗ್ರಿ. ಕೂಸು ಹಾಲು ಎಳೀವಲ್ದು. ಬರಿ ಹಾಕೂ ಮುದುಕಿಗೆ ಹೇಳಿ ಕಳಿಸ್ಯಾರ."

ಬರೆ ಹಾಕುವುದೆಂದರೆ, ಕೂಸು ಹಾಲು ಕುಡಿಯದಿದ್ದರೆ, ಹೊಟ್ಟೆ ಉಬ್ಬಿದರೆ, ಕಾಯಿಸಿದ ಬಳೆಯಿಂದಲೋ ಕಬ್ಬಿಣದ ಕಡ್ಡಿಯಿಂದಲೋ ಅದರ ಎದೆ, ಹೊಟ್ಟೆಯ ಮೇಲೆ ಸುಡುವುದು. ಯಾವ ಊರಲ್ಲಿ ಅದನ್ನು ಮಾಡಬೇಡಿ ಎಂದು ನಾವು ಹೇಳಿರಲಿಲ್ಲ? ನಾನು ಓಡಿದೆ.

ನಾಲ್ಕು ತಾಲ್ಲೂಕಿನ ಅತ್ತೆಯರನ್ನು ಒಪ್ಪಿಸಿದ್ದ ಮನುಷ್ಯ ತಮ್ಮ ಮನೆಯ ಕಟ್ಟೆಯ ಮೇಲೆ ಹೊರಗಿನವರಂತೆ ಕೂತಿದ್ದರು. ಬಾಣಂತಿ ಕೋಣೆಗೆ ಆ ಮನೆಯ ಗಂಡಸರು ಹೋಗುವ ಪದ್ಧತಿ ಇರಲಿಲ್ಲ. ಒಳಗೆ ಹೊಗೆ ಕಣ್ಣಿಗೆ ಹೊಡೆಯುವಷ್ಟಿತ್ತು. ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ. ಅಷ್ಟು ಸಣ್ಣ ಕೂಸಿಗೆ ಎರಡೂ ಹೊತ್ತು ಎಣ್ಣೆ ತಿಕ್ಕಿ ಎರೆದು, ತೊಟ್ಟಿಲಲ್ಲಿ ಮಲಗಿಸಿದ್ದರು. ಸರ್ ಹೆಂಡತಿ ನೀಲಮ್ಮ ಒಳ್ಳೆಯ ಹೆಂಗಸು, ನಾನು ಹೋದಾಗಲೆಲ್ಲ ಊಟ ಹಾಕದೆ ಕಳಿಸಿದವರಲ್ಲ. ಆದರೆ ಅವತ್ತು ಬಾಗಿಲಿಗೆ ಅಡ್ಡ ನಿಂತರು.

"ನಾಕ ತಾಲೂಕಿಗೆ ಹೇಳೂ ಬುದ್ಧಿ ಜೀಪಿನ್ಯಾಗ ಇಟ್ಟು ಬರ್ರಿ ಅಂತ ಇವರಿಗೆ ಹೇಳೀನಿ. ಮನ್ಯಾಗ ಬಾಣಂತನ ಮಾಡೂದು ನಾನು."

"ಅಮ್ಮಾರ, ಬರಿ ಹಾಕಿದ್ರ ಇಷ್ಟು ಸಣ್ಣ ಕೂಸು ತಡ್ಯಾಂಗಿಲ್ರಿ."

"ಪುರಾವೆ ಬೇಕೇನವ್ವಾ ನಿನಗ? ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರೇ ಪುರಾವೆ. ಅವರೂ ಹಿಂಗ ಸಣ್ಣ ಕೂಸು ಇದ್ರಂತ, ಹಾಲು ಎಳೀತಿದ್ದಿಲ್ಲಂತ. ನಮ್ಮತ್ತಿ ಬರಿ ಹಾಕಿಸಿ ಉಳಿಸಿಕೊಂಡಾಳ. ಇಲ್ಲಂದ್ರ ನಿಮಗ ಈ ಸಾಹೇಬರು ಎಲ್ಲಿಂದ ಬರ್ತಿದ್ರು?"

ಕೊರಳ ಗುಂಡಿಯ ಮರ್ಮ ನನಗೆ ಆಗ ತಿಳಿಯಿತು. ಹೊರಗೆ ಕಟ್ಟೆಯ ಮೇಲೆ ಸರ್ ತಲೆ ತಗ್ಗಿಸಿದ್ದರು.

ನಾನು ನೀಲಮ್ಮನವರ ಪಕ್ಕದಿಂದ ನುಗ್ಗಿ ಕೂಸಿನ ಪಾದ ಮುಟ್ಟಿದೆ. ಮಣ್ಣಿನ ಕೊಡದಂತೆ ತಣ್ಣಗಿತ್ತು. ಅಳುವ ಶಕ್ತಿಯೂ ಅದಕ್ಕಿರಲಿಲ್ಲ. ಸುಧಾಳ ಕೈ ಮುಟ್ಟಿದೆ, ಸುಡುತ್ತಿತ್ತು. ಜ್ವರಕ್ಕೆ ಹಲ್ಲು ಕಟಕಟ ಎನ್ನುತ್ತಿದ್ದವು. ಕೂಸನ್ನು ಹಿಡಿದುಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದೆ. ಅದು ಬರುವವರೆಗೆ ಅವಳನ್ನು ನಾನು ನೋಡಿಕೊಳ್ಳಬೇಕು, ಕೂಸನ್ನು ಯಾರಾದರೂ ಬೆಚ್ಚಗಿಡಬೇಕು. ನೀಲಮ್ಮ ಅಗ್ಗಿಷ್ಟಿಕೆಯನ್ನು ತೊಟ್ಟಿಲ ಕಡೆಗೆ ಎಳೆಯತೊಡಗಿದರು. ನಾನು ಬಾಗಿಲ ಕಡೆ ತಿರುಗಿ ಕೂಗಿದೆ:

"ಸರ್! ಒಳಗ ಬರ್ರಿ. ಅಂಗಿ ಬಿಚ್ರಿ."

ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತರು. ಹೆಂಡತಿಯ ಮುಖ ನೋಡಿದರು. ಆಮೇಲೆ ದಾಟಿದರು. ಕೊರಳ ಗುಂಡಿಗೆ ಬೆರಳು ಹಾಕಿದರೆ ಬರಲೊಲ್ಲದು. ಜಗ್ಗಿದರು. ಗುಂಡಿ ಕಿತ್ತು ತೊಟ್ಟಿಲ ಕೆಳಗೆ ಉರುಳಿಹೋಯಿತು. ಉಳಿದವು ತಾವಾಗಿಯೇ ಬಿಚ್ಚಿಕೊಂಡವು.

ಕೊರಳ ಕೆಳಗಿನಿಂದ ಹೊಕ್ಕುಳದ ಸುತ್ತಲಿನವರೆಗೆ ನುಣ್ಣಗೆ ಹೊಳೆಯುವ ಗೆರೆಗಳಿದ್ದವು. ಕೂಸಿದ್ದಾಗ ಬೆರಳುದ್ದ ಇದ್ದಿರಬೇಕು, ಮನುಷ್ಯನ ಜೊತೆ ಅವೂ ಬೆಳೆದಿದ್ದವು. ಅವುಗಳ ಮೇಲೆ ಮೊಮ್ಮಗಳನ್ನು ಕವುಚಿ ಮಲಗಿಸಿ, ಮೂಲೆಯಲ್ಲಿದ್ದ ಹಳೆ ಸೀರೆಯಿಂದ ಇಬ್ಬರನ್ನೂ ಸುತ್ತಿದೆ. ಗೊಂಬೆಯ ಜೊತೆ ಅಷ್ಟು ಓಡಾಡುತ್ತಿದ್ದವರು ಈಗ ಗೋಡೆಗೆ ಒರಗಿ ಅಲುಗಾಡದೆ ಕೂತರು.

"ಸಿಸ್ಟರ, ಭಾಳ ಥಣ್ಣಗೈತಿ" ಎಂದರು. ಅಷ್ಟೇ ಮಾತು. ಸಂಶೋಧನೆಯ ಹೆಸರು ಅವರ ಬಾಯಿಂದ ಬರಲಿಲ್ಲ.

ಅಷ್ಟರಲ್ಲಿ ಬರೆ ಹಾಕುವ ಮುದುಕಿ ಬಂದಳು. ಬಾಗಿಲಲ್ಲಿ ನಿಂತು ಒಳಗೆ ಕಣ್ಣು ಹಾಯಿಸಿ, ಕೆಲಸಕ್ಕೆ ಬಂದವಳ ಗತ್ತಿನಲ್ಲಿ ಕೇಳಿದಳು:

"ಕೂಸಿನ ಹೊಟ್ಟಿ ಕಾಣವಲ್ದಲ್ರಿ. ಎಲ್ಲಿ ಹಾಕ್ಲಿ?"

"ಕೂಸಿನ ಹೊಟ್ಟಿ ಸಿಗಂಗಿಲ್ಲಬೇ ಯವ್ವಾ" ಎಂದರು ಸರ್. "ಹಾಕಾಕ ಬೇಕಂದ್ರ ನನಗ ಹಾಕು. ನನಗ ಮೊದಲಿಂದ ರೂಢಿ ಐತಿ."

ಮುದುಕಿ ಹತ್ತಿರ ಬಂದು, ಸೀರೆಯ ಅಂಚಿನಿಂದ ಹೊರಗೆ ಕಾಣುತ್ತಿದ್ದ ಗೆರೆಗಳನ್ನು ಬಗ್ಗಿ ನೋಡಿದಳು. "ಯಾರು ಹಾಕಿದ್ದು? ಛಲೋ ಹಾಕ್ಯಾರ ನೋಡು" ಎಂದಳು.

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಅತ್ತದ್ದು ನೀಲಮ್ಮ. ಇಷ್ಟು ವರ್ಷ ಸಂಸಾರ ಮಾಡಿದ ಆ ಎದೆಯನ್ನು ಅವರು ಅವತ್ತೇ ಮೊದಲ ಸಲ ಬೆಳಕಿನಲ್ಲಿ, ಅದರ ಮೇಲೆ ಒಂದು ಕೂಸು ಇರುವಾಗ, ನೋಡುತ್ತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, "ನೀ ಇವತ್ತ ಹೋಗಬೇ" ಎಂದು ಮುದುಕಿಯನ್ನು ಕಳಿಸಿದರು. ಆಮೇಲೆ ಒಂದು ತಂಬಿಗೆ ನೀರು ತಂದು ಕೆಂಡದ ಮೇಲೆ ಸುರಿದರು.

ಆಂಬುಲೆನ್ಸು ಬಂತು. ಸರ್ ಹಾಗೆಯೇ, ಬರಿ ಮೈಯಲ್ಲಿ, ಸೀರೆ ಸುತ್ತಿಕೊಂಡು ಕೊಪ್ಪಳದವರೆಗೆ ಕೂತು ಬಂದರು. ದಾರಿಯಲ್ಲಿ ಕೂಸಿನ ಪಾದ ಮುಟ್ಟುತ್ತಲೇ ಇದ್ದೆ. ನಿಧಾನಕ್ಕೆ ಬೆಚ್ಚಗಾಯಿತು. ಊರು ಹತ್ತಿರ ಬಂದಾಗ ಸರ್ ಗಾಬರಿಯಿಂದ ನನ್ನ ಕಡೆ ನೋಡಿದರು.

"ಸಿಸ್ಟರ, ಇದು ಬಾಯಿ ತೆರದು ಹಾಲು ಹುಡುಕಾಕ ಹತ್ತೇತಿ. ನಾ ಏನ್ ಹೇಳ್ಲಿ ಇದಕ್ಕ?"

"ಸ್ವಲ್ಪ ತಡಿ ಅಂತ ಹೇಳ್ರಿ" ಎಂದೆ. ಅವರು ನಿಜವಾಗಿಯೂ ಬಗ್ಗಿ ಅದರ ಕಿವಿಯಲ್ಲಿ ಹಾಗೆ ಹೇಳಿದರು. ಆಸ್ಪತ್ರೆಯಲ್ಲಿ ಅವರ ಕೈಯಲ್ಲೇ ಪಾಠ ಕಲಿತಿದ್ದ ದಾದಿಯರು ಸಾಹೇಬರನ್ನು ಆ ಅವತಾರದಲ್ಲಿ ಕಂಡು ಎದ್ದು ನಿಂತು ನಮಸ್ಕಾರ ಮಾಡಿದರು. ಕೈ ಖಾಲಿ ಇರಲಿಲ್ಲವಾದ್ದರಿಂದ ಅವರು ತಲೆ ಆಡಿಸಿದರು. ತಾಯಿ ಮಗಳು ಇಬ್ಬರೂ ಉಳಿದರು.

ಮುಂದಿನ ತರಬೇತಿಗೆ ಸರ್ ಬಂದಾಗ ಕೊರಳಲ್ಲಿ ಹೊಸ ಗುಂಡಿ, ಎದೆಯ ಮೇಲೆ, ಅಂಗಿಯ ಮೇಲೆ, ಅದೇ ಗೊಂಬೆ. ನನಗೆ ತಲೆ ಕೆಟ್ಟಿತು. ಇನ್ನು ಈ ಮನುಷ್ಯನಿಗೆ ಗೊಂಬೆ ಯಾಕೆ? ಊಟದ ಹೊತ್ತಿಗೆ ಜಗಳವನ್ನೇ ತೆಗೆದೆ. ನಿಮ್ಮ ಮನೆಯ ಕತೆ ಒಂದು ಹೇಳಿದರೆ ಸಾಕು, ಎದೆ ಒಂದು ತೋರಿಸಿದರೆ ಸಾಕು, ನಾಲ್ಕು ತಾಲ್ಲೂಕಿನಲ್ಲಿ ಒಬ್ಬರೂ ಕೂಸಿಗೆ ಬರೆ ಹಾಕಲಿಕ್ಕಿಲ್ಲ ಎಂದೆ.

"ಒಂದು ಕೇಸು ಪುರಾವೆ ಅಲ್ರಿ ಸಿಸ್ಟರ."

"ಮತ್ತ ಸುರು ಮಾಡಿದ್ರಾ?"

ಅವರು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟರು. "ಚ್ಯಾಷ್ಟಿ ಅಲ್ಲ. ನಾ ಸಣ್ಣಾಂವ ಇದ್ದಾಗ ನಮ್ಮವ್ವ ನನ್ನ ಅಂಗಿ ಎತ್ತಿ ಎತ್ತಿ ಓಣ್ಯಾಗಿನ ಮಂದಿಗೆ ತೋರಸ್ತಿದ್ಲು. ನೋಡ್ರಿ, ಬರಿ ಹಾಕಿಸಿದ್ದಕ್ಕ ನನ್ನ ಮಗ ಉಳದಾನ ಅಂತ. ಅದನ್ನ ನೋಡಿ ಎಷ್ಟು ಮಂದಿ ತಮ್ಮ ಕೂಸಿಗೆ ಹಾಕಿಸಿದ್ರೋ. ಅದ್ರಾಗ ಸತ್ತವು ಅಂಗಿ ಎತ್ತಿ ತೋರಸಾಕ ಎಲ್ಲಿ ಬರ್ತಾವ್ರಿ? ನನ್ನ ತೋರಿಸಿ ಮಾಡೂದು ಸಾಕಾಗೈತಿ. ಪುರಾವೆ ಹೇಳಿ ಮಾಡೂಣು."

ನಾನು ಆಮೇಲೆ ಆ ಮಾತು ಎತ್ತಲಿಲ್ಲ. ಅವರ ಮೇಲೆ ನನಗೆ ಹುಟ್ಟಿದ ಗೌರವ ಆ ಊಟದ ಹೊತ್ತಿನದು. ಅಲ್ಲಿಯವರೆಗೆ ಇದ್ದದ್ದು ಬರೀ ಪ್ರೀತಿ, ಮತ್ತು ಸಿಟ್ಟು.

ನಿವೃತ್ತಿಯ ನಂತರವೂ ಅವರು ಚಹಾಕ್ಕೆ ಸಕ್ಕರೆ ಜಾಸ್ತಿಯೇ ಹಾಕಿಸಿಕೊಂಡರು. ನಾನು ಫೋನು ಮಾಡಿದಾಗಲೆಲ್ಲ ಗುಳಿಗೆಯ ವಿಷಯ ಕೇಳುತ್ತಿದ್ದೆ. ನಾ ಆ ಸಂಶೋಧನ್ಯಾಗ ಇರಲಿಲ್ಲ ಎಂದು ಅವರು ನಗುತ್ತಿದ್ದರು. ಲಕ್ವ ಹೊಡೆದದ್ದು ಒಂದು ಬೆಳಿಗ್ಗೆ, ಕಟ್ಟೆಯ ಮೇಲೆ ಕೂತಿದ್ದಾಗ. ತಾವು ಊರೂರಿಗೆ ಹೇಳಿಕೊಂಡು ಬಂದ ರೀತಿಯಲ್ಲೇ ಹೋದರು. ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮುಂದೆ ತೋರಿಸಲಿ?

ಹೋದ ತಿಂಗಳು ಕುಷ್ಟಗಿಗೆ ಹೋದಾಗ ನೀಲಮ್ಮನವರನ್ನು ನೋಡಲು ಹೋದೆ. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳು ಕಟ್ಟೆಯಿಂದ ಕಟ್ಟೆಗೆ ಜಿಗಿಯುತ್ತಿದ್ದಳು, ಗಟ್ಟಿ ಧ್ವನಿ, ಕೈ ಬೀಸಿ ಮಾತು. ಪಡಸಾಲೆಯಲ್ಲಿ ಪಕ್ಕದ ಮನೆಯ ಎಳೆ ಬಾಣಂತಿ ಕೂತಿದ್ದಳು, ಸಣ್ಣದೊಂದು ಕೂಸನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ. ಅವಳ ಅತ್ತೆ ಮುಖ ಗಂಟು ಹಾಕಿ ನಿಂತಿದ್ದಳು. ನೀಲಮ್ಮ ತಮ್ಮ ಸೀರೆಯಿಂದಲೇ ಕೂಸನ್ನು ಆ ಹುಡುಗಿಯ ಎದೆಗೆ ಬಿಗಿಯುತ್ತಿದ್ದರು. ಗಂಟು ಎಲ್ಲಿ ಬರಬೇಕು, ಕೂಸಿನ ಕತ್ತು ಯಾವ ಕಡೆ ಇರಬೇಕು, ಒಂದೂ ತಪ್ಪಿರಲಿಲ್ಲ.

"ಇದೇನ್ರಿ ಹೊಸಾದು?" ಎಂದಳು ಆ ಅತ್ತೆ.

"ಹೊಸಾದಲ್ಲವಾ, ಇದಕ್ಕ ಎದಿ ತೊಟ್ಲ ಅಂತಾರ" ಎಂದರು ನೀಲಮ್ಮ. "ನಮ್ಮ ಮನ್ಯಾಗ ನಮ್ಮತ್ತಿ ಕಾಲದಿಂದ ಹಿಂಗ ಮಾಡ್ಕೋತ ಬಂದೀವಿ. ಬರಿ ಗಿರಿ ನಮ್ಮ ಮನಿತನದಾಗ ಇಲ್ಲ."

ಆ ಅತ್ತೆಯ ಮುಖ ಸಡಿಲಾಯಿತು. ಹಿರಿಯರ ಕಾಲದ್ದೆಂದ ಮೇಲೆ ಅವಳಿಗೆ ಕೇಳುವುದೇನೂ ಉಳಿಯಲಿಲ್ಲ. ಸೊಸೆಯ ಹೆಗಲ ಮೇಲೆ ಸೆರಗು ಸರಿಮಾಡಿದಳು.

ಪುರಾವೆ ಏನೈತ್ರಿ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ತಲೆ ಎತ್ತಿದೆ. ಅದನ್ನು ಕೇಳಬೇಕಾದವರು ಮಾಲೆ ಹಾಕಿಸಿಕೊಂಡು ಗೋಡೆಯ ಮೇಲಿದ್ದರು, ಕೊರಳ ಗುಂಡಿ ಹಾಕಿಕೊಂಡು.